ತೂಕ ಇಳಿಸೋ ಪಥ್ಯ: ಡಾಕ್ಟರಿಗೆ ಕೇಳ್ರಿ

ಮಾನ್ವಿಯವರು: ನಮಸ್ಕಾರ ಡಾಕ್ಟ್ರೇ. ಮದುವಿಗೆ ಮೂರು ವಾರ ಅದ. "ಏಳು ದಿನಕ್ಕ ಏಳು ಕಿಲೋ" ಅಂತ ಮೆಸೇಜ್ ಬಂದದ. ಬರೇ ಜೀರಿಗಿ ನೀರು, ಸೌತಿಕಾಯಿ, ರಾತ್ರಿ ಮಜ್ಜಿಗಿ. ಮಾಡಬಹುದಾ?

ಡಾಕ್ಟರ್: ಬ್ಯಾಡ್ರಿ. ಅದು ದಿನಕ್ಕ 300 ಕ್ಯಾಲರಿನೂ ಆಗಂಗಿಲ್ಲ. 800ಕ್ಕಿಂತ ಕೆಳಗಿನ ಪಥ್ಯ ಡಾಕ್ಟರ ನಿಗಾದಾಗ ಮಾತ್ರ ಮಾಡೋದು, ಅದೂ 12 ವಾರ ಮೀರಬಾರದು. ಮೊದಲ ವಾರ ಇಳಿಯೋದು ಬಹಳಷ್ಟು ನೀರಿನ ತೂಕ. ಲಿವರ್, ಸ್ನಾಯುಗಳಾಗ ಕೂಡಿಟ್ಟ ಸಕ್ಕರಿ (ಗ್ಲೈಕೋಜನ್) ಒಂದು ಗ್ರಾಂ ಕರಗಿದ್ರ ಜೋಡಿಗೆ ಸುಮಾರು 3 ಗ್ರಾಂ ನೀರೂ ಹೋಗ್ತದ. ಊಟ ಶುರು ಮಾಡಿದ್ರ ವಾಪಸ್ ಬರ್ತದ. ಒಂದು ಕಿಲೋ ಕೊಬ್ಬಿಗೆ ಸುಮಾರು 7,700 ಕ್ಯಾಲರಿ. ಏಳು ದಿನಕ್ಕ ಏಳು ಕಿಲೋ ಕೊಬ್ಬು ಕರಗೋದು ಸಾಧ್ಯನೇ ಇಲ್ಲ.

ಲಿಂಗಸುಗೂರಿನವರು: ಅದಕ್ಕ ಜೇನುತುಪ್ಪ ಹಾಕಿದ್ರ?

ಡಾಕ್ಟರ್: ಅದೇ ಉತ್ತರ.

ದೇವದುರ್ಗದವರು: ಪಥ್ಯ ಮಾಡಿದ ಮ್ಯಾಲೆ ಕೂದಲು ಉದುರ್ತಾವ. ಯಾವ ಎಣ್ಣಿ ಛಲೋ?

ಸಿಂಧನೂರಿನವರು: ಸರ್, ನಮ್ಮ ಅಕ್ಕಗ 46 ವಯಸ್ಸು, ಶುಗರ್ ಅದ. ಗ್ಲಿಮಿಪಿರೈಡ್, ಮೆಟ್‌ಫಾರ್ಮಿನ್, ಡಪಾಗ್ಲಿಫ್ಲೋಜಿನ್ ನಡದಾವ. ಇದೇ ಪಥ್ಯ ಒಂಬತ್ತು ದಿನದಿಂದ ಹಿಡಿದಾಳ. ನಿನ್ನಿಯಿಂದ ವಾಂತಿ, ಹೊಟ್ಟಿನೋವು, ಏದುಸಿರು. ಮೀಟರಿನಾಗ 168 ಅದ. ಗ್ಯಾಸ್ ಇರಬಹುದೇನ್ರಿ?

ಡಾಕ್ಟರ್: 168 ನೋಡಿ ಸುಮ್ಮ ಕೂಡಬ್ಯಾಡ್ರಿ. 108ಕ್ಕ ಫೋನ್ ಮಾಡ್ರಿ, ಈಗಲೇ ಆಸ್ಪತ್ರಿಗೆ ಹೊರಡ್ರಿ. ಡಪಾಗ್ಲಿಫ್ಲೋಜಿನ್ ಸಕ್ಕರಿಯನ್ನ ಮೂತ್ರದಾಗ ಹೊರಗ ಹಾಕ್ತದ, ಅದಕ್ಕ ಮೀಟರ್ ಕಡಿಮಿ ತೋರಿಸ್ತದ. ಹೊಟ್ಟಿಗೆ ಹಿಟ್ಟಿನ ಪದಾರ್ಥ ಇಲ್ಲ, ಇನ್ಸುಲಿನ್ ಇಳದದ, ದೇಹ ಕೊಬ್ಬು ಸುಟ್ಟು ರಕ್ತದಾಗ ಕೀಟೋನ್ ಆಮ್ಲ ತುಂಬಿಸ್ತದ. ವಾಂತಿ, ಹೊಟ್ಟಿನೋವು, ಏದುಸಿರು ಅದರ ಲಕ್ಷಣ. ಶುಗರ್ 250ರ ಒಳಗಿದ್ದರೂ ಜೀವಕ್ಕ ಕುತ್ತು. ಮೂರೂ ಗುಳಿಗಿ ಇವತ್ತು ಕೊಡಬ್ಯಾಡ್ರಿ, ಚೀಟಿ ಮಾತ್ರ ಕೈಯಾಗ ಇರಲಿ. "ಡಪಾಗ್ಲಿಫ್ಲೋಜಿನ್ ತಗೊಂತಾರ, ಒಂಬತ್ತು ದಿನ ಉಂಡಿಲ್ಲ, ಕೀಟೋನ್ ನೋಡ್ರಿ" ಅಂತ ಬಾಗಿಲದಾಗೇ ಹೇಳ್ರಿ. ಇಲ್ಲಂದ್ರ ಶುಗರ್ ನೋಡಿ ಗ್ಯಾಸಿನ ಇಂಜೆಕ್ಷನ್ ಕೊಟ್ಟು ಕಳಿಸಬಹುದು. ಪೊಟ್ಯಾಸಿಯಂ ಪರೀಕ್ಷೆ, ಇಸಿಜಿನೂ ಬೇಕು. ಸಲೈನ್, ಗ್ಲುಕೋಸ್, ಇನ್ಸುಲಿನ್ ಮೂರೂ ಹಚ್ಚಬೇಕಾಗ್ತದ. ಹೊರಟ ಮ್ಯಾಲೆ ಇಲ್ಲಿ ಬರೀರಿ.

ಲಿಂಗಸುಗೂರಿನವರು: ಎರಡು ಲವಂಗ ಬಾಯಾಗ ಇಟ್ಟುಕೊಳ್ಳಲಿ, ವಾಂತಿ ನಿಲ್ತದ. 🙏

ಡಾಕ್ಟರ್: ಆ ಮೆಸೇಜ್ ತೆಗೀರಿ. ಅದನ್ನ ನಂಬಿ ಅರ್ಧ ತಾಸು ಕಳೆದ್ರೂ ತುಟ್ಟಿ ಬೀಳ್ತದ.

ಲಿಂಗಸುಗೂರಿನವರು: ಹಿರೇರು ಉಪವಾಸ ಮಾಡಿಲ್ಲೇನ್ರಿ? ಶ್ರಾವಣದಾಗ ನಮ್ಮವ್ವ ತಿಂಗಳಾನುಗಟ್ಲೆ ಒಪ್ಪತ್ತು ಇರ್ತಿದ್ಲು.

ಮಸ್ಕಿಯವರು: ಒಪ್ಪತ್ತು ಅಂದ್ರ ಒಂದು ಹೊತ್ತು ಹೊಟ್ಟಿತುಂಬ ಉಣ್ಣೋದು. ಅದಕ್ಕೂ ಸೌತಿಕಾಯಿಗೂ ಎಲ್ಲಿಂದೆಲ್ಲಿ ಸಂಬಂಧ? ಗಂಗಾವತಿ, ಸಿಂಧನೂರು ಕಡೆ ಅನ್ನ ಬಿಟ್ಟು ಜ್ವಾಳದ ರೊಟ್ಟಿ ತಿನ್ನಲಿ, ತಾನೇ ಇಳೀತದ.

ಮಾನ್ವಿಯವರು: ನಾಕು ರೊಟ್ಟಿ, ಮ್ಯಾಲೆ ಶೇಂಗಾ ಚಟ್ನಿ ಎಣ್ಣಿ ಹಾಕ್ಕೊಂಡು ತಿಂದ್ರೂ ಇಳೀತದೇನು? ಅನ್ನದ ಮ್ಯಾಲೆ ಯಾಕ ಸಿಟ್ಟು?

ಡಾಕ್ಟರ್: 100 ಗ್ರಾಂ ಜ್ವಾಳದ ಹಿಟ್ಟಿಗೂ 100 ಗ್ರಾಂ ಹಸಿ ಅಕ್ಕಿಗೂ ಕ್ಯಾಲರಿ ಹೆಚ್ಚೂಕಡಿಮಿ ಒಂದೇ, 350ರ ಆಸುಪಾಸು. ಜ್ವಾಳದಾಗ ನಾರು ಜಾಸ್ತಿ, ಅಷ್ಟೇ. ಜಗಳ ಬೇರೆ ಕಡೆ ಮಾಡ್ರಿ. ಸಿಂಧನೂರು, ಹೊರಟ್ರೇನು?

ಮಸ್ಕಿಯವರು: ಸರ್, ಒಂದು ತಿಂಗಳಾಗ 9 ಕಿಲೋ ಇಳದೀನಿ, ಬಲಗಡೆ ಪಕ್ಕೆಲುಬಿನ ಕೆಳಗ ಹಿಡಿದಂಗಾಗ್ತದ.

ಡಾಕ್ಟರ್: ವಾರಕ್ಕ ಒಂದೂವರೆ ಕಿಲೋ ಮೀರಿದ್ರ ಪಿತ್ತಕೋಶದಾಗ ಹರಳು ಕೂಡೋ ಸಂಭವ ಹೆಚ್ಚು. ಹೊಟ್ಟಿ ಸ್ಕ್ಯಾನ್ ಮಾಡಿಸ್ರಿ. ಜ್ವರ ಬಂದ್ರ, ಕಣ್ಣು ಹಳದಿ ಆದ್ರ ಅವತ್ತೇ ಹೋಗ್ರಿ.

ಮಾನ್ವಿಯವರು: ಹಂಗಾದ್ರ ನಾನು ಮೂರೇ ದಿನ ಮಾಡಿದ್ರ?

ಡಾಕ್ಟರ್: ಮ್ಯಾಲೆ ಬರದೀನಿ. ಓದ್ರಿ.

ಸಿಂಧನೂರಿನವರು: ಆಂಬುಲೆನ್ಸ್‌ನಾಗ ಇದ್ದೀವ್ರಿ. ಅವ್ವ ಗಂಜಿ, ಬಾಳೆಹಣ್ಣು ಕಟ್ಕೊಂಡು ಬಂದಾಳ, ಕೊಡಬಹುದಾ?

ಡಾಕ್ಟರ್: ಈಗ ಬ್ಯಾಡ. ಗುಟುಕು ಗುಟುಕು ನೀರು ಕೊಡ್ರಿ, ಸಾಕು. ಒಂಬತ್ತು ದಿನ ಖಾಲಿ ಇದ್ದ ದೇಹಕ್ಕ ಒಮ್ಮೆಲೇ ಊಟ ಬಿದ್ರ ರಕ್ತದಾಗಿನ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶದೊಳಗ ಸರೀತಾವ, ಎದಿಬಡಿತ ತಪ್ತದ. ಆಸ್ಪತ್ರಿಯಾಗ ಥಯಾಮಿನ್ (ಬಿ1 ವಿಟಮಿನ್) ಮೊದಲು, ಗ್ಲುಕೋಸ್ ಆಮ್ಯಾಲೆ. ಊಟ ಎಷ್ಟು, ಯಾವಾಗ ಅಂತ ಅಲ್ಲಿನವರು ದಿನಾ ರಕ್ತ ನೋಡಿ ಹೇಳ್ತಾರ. ಅಲ್ಲೀತನಕ ಅವ್ವನ ಬುತ್ತಿ ಹೊರಗೇ ಇರಲಿ.