ರಾಜಕೀಯ ನಿಲುವನ್ನು ಅಳೆಯಲು ಎಡ–ಬಲ ಎಂಬ ಒಂದೇ ಗೆರೆ ಸಾಕೇ?

ಪ್ರಶ್ನೆ:
ನಾನು ಮನಶ್ಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಕಿರುಪ್ರಬಂಧಕ್ಕಾಗಿ ಜನರ ರಾಜಕೀಯ ನಿಲುವನ್ನು ಅಳೆಯಬೇಕಾಗಿದ್ದು, ಹಲವು ದೇಶಗಳ ಜನರ ಮೌಲ್ಯಗಳನ್ನು ಅರಿಯಲು ನಡೆಸುವ ವಿಶ್ವ ಮೌಲ್ಯ ಸಮೀಕ್ಷೆಯಲ್ಲಿರುವಂತೆ 1ರಿಂದ 10ರವರೆಗಿನ ಎಡ–ಬಲ ಗೆರೆಯ ಮೇಲೆ ತಮ್ಮ ಸ್ಥಾನವನ್ನು ಗುರುತಿಸುವಂತೆ ಕೆಲವರನ್ನು ಕೇಳಿ ನೋಡಿದೆ. ಬಹುತೇಕರು 5ನ್ನೇ ಆರಿಸಿದರು. ಆದರೆ ಅವರೊಡನೆ ಮಾತನಾಡಿದಾಗ, ಸರ್ಕಾರ ಬಡವರಿಗಾಗಿ ಇನ್ನಷ್ಟು ಖರ್ಚು ಮಾಡಬೇಕೆಂದು ಒತ್ತಿ ಹೇಳುವವರೇ ಮದುವೆ, ಶಿಸ್ತು, ಹಿರಿಯರ ಮಾತು ಎಂದಾಗ ಸಂಪ್ರದಾಯದ ಪರ ನಿಂತರು. ಇವರನ್ನು ಎಲ್ಲಿ ಇರಿಸುವುದು?

ಮೊದಲ ಉತ್ತರ:
5ನ್ನು ಆರಿಸಿದವರೆಲ್ಲ ನಡುಪಂಥೀಯರಲ್ಲ. ಎಡ, ಬಲ ಎಂಬ ಪದಗಳೇ ಅರ್ಥವಾಗದವರೂ, ಎರಡು ವಿಷಯಗಳಲ್ಲಿ ಎರಡು ದಿಕ್ಕಿಗೆ ವಾಲಿದವರೂ ಅದೇ ಅಂಕಿಗೆ ಬಂದು ನಿಲ್ಲುತ್ತಾರೆ. ಅಮೆರಿಕದ ಸಾಮಾನ್ಯ ಮತದಾರರಲ್ಲಿ ಒಂದು ವಿಷಯದ ಅಭಿಪ್ರಾಯಕ್ಕೂ ಇನ್ನೊಂದರ ಅಭಿಪ್ರಾಯಕ್ಕೂ ಇರುವ ಹೊಂದಿಕೆ ತೀರ ಸಡಿಲವೆಂದು ರಾಜಕೀಯ ವಿಜ್ಞಾನಿ ಫಿಲಿಪ್ ಕಾನ್ವರ್ಸ್ 1964ರಲ್ಲೇ ತೋರಿಸಿದ್ದರು. ಅದಕ್ಕೂ ಹತ್ತು ವರ್ಷ ಮೊದಲು ಲಂಡನ್ನಿನ ಮನಶ್ಶಾಸ್ತ್ರಜ್ಞ ಹಾನ್ಸ್ ಐಸೆಂಕ್, ಎಡ–ಬಲ ಗೆರೆಗೆ ಅಡ್ಡಲಾಗಿ ಕಠಿಣ ಮನಸ್ಸು–ಮೃದು ಮನಸ್ಸು ಎಂಬ ಇನ್ನೊಂದು ಗೆರೆ ಎಳೆದು, ಕಮ್ಯುನಿಸ್ಟರೂ ಫ್ಯಾಸಿಸ್ಟರೂ ಮೊದಲನೆಯದರ ಎರಡು ತುದಿಗಳಲ್ಲಿದ್ದರೂ ಎರಡನೆಯದರಲ್ಲಿ ಒಂದೇ ಬದಿಯಲ್ಲಿದ್ದಾರೆ ಎಂದರು. ಆ ಎರಡನೆಯ ಗೆರೆಯನ್ನು ಮಾತ್ರ ನೆಚ್ಚಬೇಡಿ. ಅವರ ಲೆಕ್ಕಾಚಾರವನ್ನೇ 1956ರಲ್ಲಿ ರೋಕೀಚ್ ಮತ್ತು ಹ್ಯಾನ್ಲಿ ಬಲವಾಗಿ ಪ್ರಶ್ನಿಸಿದ್ದಾರೆ.

ಎರಡನೆಯ ಉತ್ತರ:
ನಿಮಗೆ ಬೇಕಾದ ಮಾಪಕಗಳ ಜೋಡಿ ಬೇರೆಯೇ ಇದೆ. ಕೆನಡಾದ ಬಾಬ್ ಆಲ್ಟೆಮೆಯರ್ 1981ರಲ್ಲಿ ಮಂಡಿಸಿದ ಬಲಪಂಥೀಯ ಅಧಿಕಾರನಿಷ್ಠೆಯ ಮಾಪಕವು ಅಧಿಕಾರಕ್ಕೆ ತಲೆಬಾಗುವುದು, ಅದು ಬೊಟ್ಟು ಮಾಡಿದವರ ಮೇಲೆ ಹರಿಹಾಯುವುದು, ರೂಢಿಗೆ ಅಂಟಿಕೊಳ್ಳುವುದು ಎಂಬ ಮೂರನ್ನೂ ಕೂಡಿಸಿ ಅಳೆಯುತ್ತದೆ. ಫೆಲಿಸಿಯಾ ಪ್ರಾಟೋ, ಜಿಮ್ ಸಿಡಾನಿಯಸ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಸಾಮಾಜಿಕ ಪ್ರಾಬಲ್ಯದ ಒಲವಿನ ಮಾಪಕವು ಗುಂಪು ಗುಂಪುಗಳ ನಡುವಿನ ಮೇಲು–ಕೀಳನ್ನು ಒಬ್ಬರು ಎಷ್ಟು ಒಪ್ಪುತ್ತಾರೆಂಬುದನ್ನು ಹಿಡಿಯುತ್ತದೆ. ಜಗತ್ತು ಅಪಾಯಗಳಿಂದ ತುಂಬಿದೆ ಎಂಬ ಭಾವನೆ ಮೊದಲನೆಯದನ್ನೂ, ಜಗತ್ತು ಬಲಿಷ್ಠರೇ ಗೆಲ್ಲುವ ಕಾಡು ಎಂಬ ಭಾವನೆ ಎರಡನೆಯದನ್ನೂ ಬೆಳೆಸುತ್ತದೆಂದು ಜಾನ್ ಡಕಿಟ್ 2001ರಲ್ಲಿ ವಾದಿಸಿದರು. ನಿಮ್ಮವರು ಮೊದಲನೆಯದರಲ್ಲಿ ಮೇಲೆ, ಎರಡನೆಯದರಲ್ಲಿ ಕೆಳಗೆ ಬರಬಹುದು, ಮತ್ತು ಅದರಲ್ಲಿ ವಿರೋಧಾಭಾಸವೇನೂ ಇಲ್ಲ.

ಮೂರನೆಯ ಉತ್ತರ:
ಮಾಪಕವನ್ನು ಆರಿಸಿದ ಮೇಲೂ ವಾಕ್ಯಗಳ ವಿಷಯದಲ್ಲಿ ಎಚ್ಚರವಿರಲಿ. ಅಡಾರ್ನೋ ಮತ್ತು ಜೊತೆಗಾರರು 1950ರಲ್ಲಿ ಪ್ರಕಟಿಸಿದ, ಫ್ಯಾಸಿಸಂನತ್ತ ವಾಲುವ ಮನೋಭಾವವನ್ನು ಅಳೆಯುವ ಎಫ್ ಮಾಪಕದ ಹೇಳಿಕೆಗಳೆಲ್ಲ ಒಂದೇ ದಿಕ್ಕಿನವು. ಎಲ್ಲದಕ್ಕೂ ‘ಹೌದು’ ಎನ್ನುವ ಅಭ್ಯಾಸವಿದ್ದವರು ಸುಮ್ಮನೆ ಹೆಚ್ಚು ಅಂಕ ಪಡೆದುಬಿಡುತ್ತಿದ್ದರು. ಆದ್ದರಿಂದ ಅರ್ಧದಷ್ಟು ಹೇಳಿಕೆಗಳು ವಿರುದ್ಧ ದಿಕ್ಕಿನಲ್ಲಿರಬೇಕು. ಕನ್ನಡದಲ್ಲಿ ಇದನ್ನು ‘ಬಾರದು’, ‘ಇಲ್ಲ’ ಸೇರಿಸಿ ಮುಗಿಸಿಬಿಡುವುದು ಸುಲಭ, ಆದರೆ ‘ಮೀರಬಾರದು’ ಎಂಬ ವಾಕ್ಯಕ್ಕೆ ‘ಒಪ್ಪುವುದಿಲ್ಲ’ ಎಂದು ಉತ್ತರಿಸುವಾಗ ಓದಿದವರೂ ತಡವರಿಸುತ್ತಾರೆ. ಇನ್ನೊಂದು ಮಾತು: ಭಾರತದಲ್ಲಿ ಭಿನ್ನಮತವಿರುವುದು ಸಮಾಜದ ರೂಢಿಗಳಲ್ಲಿ ಸರ್ಕಾರ ಕೈಹಾಕಬೇಕೇ, ಹಿಂದುಳಿದವರಿಗೆ ಮೀಸಲಾತಿಯಂಥ ಮನ್ನಣೆ ಕೊಡಬೇಕೇ ಎಂಬ ಎರಡು ಪ್ರಶ್ನೆಗಳ ಸುತ್ತ ಎಂದು ಪ್ರದೀಪ್ ಛಿಬ್ಬರ್ ಮತ್ತು ರಾಹುಲ್ ವರ್ಮಾ 2018ರಲ್ಲಿ ವಾದಿಸಿದ್ದಾರೆ. ಆ ಎರಡನ್ನೂ ಕೇಳದೆ ಇಲ್ಲಿ ಅಳೆಯುವುದು ನನ್ನ ಮಟ್ಟಿಗೆ ಅಪೂರ್ಣ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. 1–10ರ ಗೆರೆಯನ್ನು ಹೋಲಿಕೆಗಾಗಿ ಮಾತ್ರ ಉಳಿಸಿಕೊಂಡು, ಎರಡು ಮಾಪಕಗಳನ್ನೂ ಸೇರಿಸುತ್ತಿದ್ದೇನೆ. ‘ಹಿರಿಯರ ಮಾತನ್ನು ಮೀರಬಾರದು’ ಎಂಬುದಕ್ಕೆ ಎದುರು ಹೇಳಿಕೆಯಾಗಿ ‘ತಪ್ಪೆನಿಸಿದಾಗ ಹಿರಿಯರ ಮಾತನ್ನು ಮೀರುವ ಹಕ್ಕು ಮಕ್ಕಳಿಗಿದೆ’ ಎಂದು ಬರೆದಿದ್ದೇನೆ. ‘ತಪ್ಪೆನಿಸಿದಾಗ’ ಎಂಬ ಷರತ್ತು ಹೇಳಿಕೆಯನ್ನು ತೀರ ಸುಲಭವಾಗಿ ಒಪ್ಪುವಂತೆ ಮಾಡುತ್ತದೆಯೇ?