ಮಳೆಗಾಲ ಬಂದರೆ ಅಪ್ಪ ರಾತ್ರಿ ಮಲಗುವುದಿಲ್ಲ

ಮಡಿಕೇರಿಯ ಮಗಳು:
2018ರ ಆಗಸ್ಟ್ ತಿಂಗಳ ಭೂಕುಸಿತದಲ್ಲಿ ನಮ್ಮ ಮನೆಯೂ ಎರಡು ಎಕರೆ ಕಾಫಿ ತೋಟವೂ ಮಣ್ಣಿನಡಿ ಹೋದವು. ಗಂಜಿ ಕೇಂದ್ರದಲ್ಲಿ ಕೆಲವು ವಾರ, ಬಾಡಿಗೆ ಮನೆಯಲ್ಲಿ ಎರಡು ವರ್ಷ ಕಳೆದು ಈಗ ಸರ್ಕಾರ ಕಟ್ಟಿಸಿಕೊಟ್ಟ ಮನೆಯಲ್ಲಿದ್ದೇವೆ. ಹಗಲಿನಲ್ಲಿ ಅಪ್ಪ ಎಲ್ಲರಂತೆಯೇ ಇರುತ್ತಾರೆ. ರಾತ್ರಿ ಮಳೆ ಜೋರಾದರೆ ಮಾತ್ರ ಗಂಬೂಟು ಹಾಕಿಕೊಂಡು, ಆರ್‌ಟಿಸಿ, ಆಧಾರ್ ಕಾರ್ಡುಗಳಿರುವ ಪ್ಲಾಸ್ಟಿಕ್ ಕವರನ್ನು ತೊಡೆಯ ಮೇಲಿಟ್ಟುಕೊಂಡು ಬೆಳಗಾಗುವವರೆಗೂ ಬಾಗಿಲ ಬಳಿ ಕುಳಿತಿರುತ್ತಾರೆ. ಮೊದಲು ದಿನವೂ ಎಷ್ಟು ಇಂಚು ಮಳೆಯಾಯಿತೆಂದು ಅಳೆದು ಡೈರಿಯಲ್ಲಿ ಬರೆಯುತ್ತಿದ್ದವರು ಅದನ್ನೂ ಬಿಟ್ಟಿದ್ದಾರೆ. ಆ ದಿನದ ಮಾತೆತ್ತಿದರೆ ಎದ್ದು ಹೋಗುತ್ತಾರೆ. ಎಲ್ಲವನ್ನೂ ಹೇಳಿಕೊಂಡು ಒಮ್ಮೆ ಅತ್ತುಬಿಟ್ಟರೆ ಮನಸ್ಸು ಹಗುರವಾಗುತ್ತದೆ ಎಂದು ನೆಂಟರು ಹೇಳುತ್ತಾರೆ. ಒತ್ತಾಯಿಸಿ ಮಾತನಾಡಿಸಬೇಕೆ? ಇಷ್ಟು ವರ್ಷಗಳ ನಂತರ ಚಿಕಿತ್ಸೆಯಿಂದ ಪ್ರಯೋಜನವಿದೆಯೆ?

ಆಪ್ತಸಮಾಲೋಚಕಿ:
ದಯವಿಟ್ಟು ಒತ್ತಾಯಿಸಬೇಡಿ. ದುರಂತದ ಬೆನ್ನಿಗೇ ಸಂತ್ರಸ್ತರನ್ನು ಕೂರಿಸಿಕೊಂಡು ಕಂಡದ್ದನ್ನೆಲ್ಲ ಹೇಳಿಸುವ ಪದ್ಧತಿ ಒಂದು ಕಾಲದಲ್ಲಿ ಚಾಲ್ತಿಯಲ್ಲಿತ್ತು. ಅದು ಮುಂದಿನ ತೊಂದರೆಯನ್ನು ತಡೆಯುವುದಿಲ್ಲವೆಂದೂ ಕೆಲವರಿಗೆ ಕೆಡುಕನ್ನೇ ಮಾಡಬಹುದೆಂದೂ ತಿಳಿದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯೂ ಅದು ಬೇಡವೆಂದಿದೆ. ನೀವು ಬರೆದಿರುವ ಲಕ್ಷಣಗಳು ಪಿಟಿಎಸ್‌ಡಿ ಎಂಬ ಆಘಾತೋತ್ತರ ತೊಂದರೆಯನ್ನು ಹೋಲುತ್ತವೆಯಾದರೂ, ಕಂಡು ಮಾತನಾಡದೆ ಹಾಗೆಂದು ನಿರ್ಧರಿಸುವುದು ತಪ್ಪು. ಅಪಾಯ ಕಳೆದಿದೆಯೆಂದು ಬುದ್ಧಿ ಒಪ್ಪಿದ್ದರೂ ಮೈ ಒಪ್ಪಿರುವುದಿಲ್ಲ. ಹೆಂಚಿನ ಮೇಲೆ ಮಳೆಯ ಸದ್ದು ಬಿದ್ದೊಡನೆ ಎದೆಬಡಿತ ಏರುತ್ತದೆ. ತರಬೇತಿ ಪಡೆದವರ ಜೊತೆ, ರೋಗಿ ತಾಳಿಕೊಳ್ಳಬಲ್ಲಷ್ಟೇ ಪ್ರಮಾಣದಲ್ಲಿ, ಆ ನೆನಪಿನ ಹತ್ತಿರ ಹೋಗಿಬರುವುದು ಚಿಕಿತ್ಸೆಯ ತಿರುಳು. ಅದು ವರ್ಷಗಳ ನಂತರವೂ ಫಲ ಕೊಡುತ್ತದೆ. ನಿದ್ದೆಗೆಂದು ಮದ್ಯವನ್ನಾಗಲಿ, ವೈದ್ಯರನ್ನು ಕೇಳದೆ ತಂದ ಮಾತ್ರೆಯನ್ನಾಗಲಿ ಕೊಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು; ಮೊದಲು ನೀವೇ ಮಾತನಾಡಿದರೂ ಸರಿಯೇ. ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ದಿನ ಮನೋವೈದ್ಯರು ಸಿಗುವ ವ್ಯವಸ್ಥೆಯೂ ಇದೆ, ಯಾವ ಮಂಗಳವಾರವೆಂದು ಮೊದಲೇ ವಿಚಾರಿಸಿ.

ಮಕ್ಕಂದೂರಿನವ:
ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಅಪಾಯ ಕಳೆದಿದೆ ಎಂಬ ಮಾತಿಗೆ ನನ್ನ ತಕರಾರಿದೆ. ಮರುವರ್ಷ ತೋರ ಗ್ರಾಮದಲ್ಲಿ ಗುಡ್ಡ ಜಾರಿತು, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯೇ ಕುಸಿಯಿತು. ಕೊಡಗಿನಲ್ಲಿ ಮಳೆಗೆ ಹೆದರುವವನನ್ನು ಪೂರ್ತಿ ರೋಗಿ ಎನ್ನಲಾಗದು. ನನಗೂ ಎರಡು ವರ್ಷ ನಿದ್ದೆ ಇರಲಿಲ್ಲ. ಚಿಕಿತ್ಸೆಯ ಜೊತೆಗೆ ನನ್ನ ಕೈಹಿಡಿದದ್ದು ಒಂದು ಸಣ್ಣ ಏರ್ಪಾಡು: ಮಳೆ ಇಷ್ಟು ಇಂಚು ದಾಟಿದರೆ, ಅಥವಾ ರೆಡ್ ಅಲರ್ಟ್ ಬಂದರೆ, ರಾತ್ರಿಯಾಗುವ ಮೊದಲೇ ಕುಶಾಲನಗರದ ಭಾವನ ಮನೆಗೆ ಹೋಗುವುದು; ಇಲ್ಲವಾದರೆ ಮಲಗುವುದು. ಅದನ್ನು ಮನೆಯವರೆಲ್ಲ ಕೂತು ಹಗಲಿನಲ್ಲೇ ತೀರ್ಮಾನಿಸಿ ಕ್ಯಾಲೆಂಡರಿನ ಹಿಂದೆ ಬರೆದಿಟ್ಟೆವು. ರಾತ್ರಿ ಎರಡು ಗಂಟೆಗೆ ತಲೆ ಓಡುವ ದಿಕ್ಕೇ ಬೇರೆಯಲ್ಲವೆ? ಆ ಕವರನ್ನು ಕಸಿದುಕೊಳ್ಳಬೇಡಿ, ಅದಕ್ಕೆ ಬಾಗಿಲ ಬಳಿ ಒಂದು ಮೊಳೆ ಹೊಡೆದುಕೊಡಿ.

ಆಪ್ತಸಮಾಲೋಚಕಿ:
ತಕರಾರು ನ್ಯಾಯವಾದದ್ದು, ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ. ಭಯವನ್ನು ಅಳಿಸಬೇಕಾಗಿಲ್ಲ; ತುಂತುರು ಮಳೆಗೂ ಕುಂಭದ್ರೋಣಕ್ಕೂ ಒಂದೇ ಸಮನೆ ಹೆದರುವ ಸ್ಥಿತಿಯಿಂದ ಹೊರಬಂದರೆ ಅದೇ ದೊಡ್ಡದು.

ಮಡಿಕೇರಿಯ ಮಗಳು:
ಎಲ್ಲರಿಗೂ ವಂದನೆಗಳು. 14416ಕ್ಕೆ ನಾನೇ ಮಾತನಾಡಿದೆ. ಮೊಳೆಯನ್ನು ಅಪ್ಪ ತಾವೇ ಹೊಡೆದರು, ಗಂಬೂಟು ಮಾತ್ರ ಕುರ್ಚಿಯ ಬಳಿಯೇ ಇದೆ. ಮಂಗಳವಾರ ಆಸ್ಪತ್ರೆಗೆ ಬರಲು ಒಪ್ಪಿದ್ದಾರೆ, ಆದರೆ ಅಂದು ಜೋರು ಮಳೆಯಿದ್ದರೆ ಮನೆ ಬಿಟ್ಟು ಬರುವುದಿಲ್ಲವಂತೆ.