ಫೋನ್ ಇರೋ ಕಾಲದಲ್ಲಿ ಇನ್‌ಸ್ಟಂಟ್ ಫಿಲ್ಮ್ ಯಾಕೆ? ಸ್ಟುಡಿಯೋದವ್ರನ್ನ ಕೇಳಿ

ಬೆಳಕಿನ ಹುಳ: ಸರ್, ಫೋನಲ್ಲಿ ಸಾವಿರ ಫೋಟೋ ತೆಗೀಬಹುದು, ತೆಗೆದ ತಕ್ಷಣ ಕ್ಯಾಮೆರಾದಿಂದ್ಲೇ ಫೋಟೋ ಹಾಳೆ ಹೊರಬರೋ ಇನ್‌ಸ್ಟಾಕ್ಸ್ ಫಿಲ್ಮ್ ಪ್ಯಾಕಲ್ಲಿ ಹತ್ತೇ ಶೀಟು. ಇದ್ರಲ್ಲಿ ಅರ್ಥ ಇದೆಯಾ?

ಸ್ಟುಡಿಯೋ: ಎದುರಿಗಿರೋರ ಕೈಗೆ ಅಲ್ಲೇ ಕೊಡೋಕೆ ಇದೆ. ದೊಡ್ಡದು ಮಾಡ್ಸೋಕೆ ಇಲ್ಲ, ಇನ್‌ಸ್ಟಾಕ್ಸ್ ಮಿನಿ ಚಿತ್ರ 62×46 ಮಿ.ಮೀ. ಅಷ್ಟೇ.

ರೀಲುರಾಜ: ಹೊರಗೆ ಬಂದ ತಕ್ಷಣ ಅಲ್ಲಾಡಿಸ್ಬೇಕಾ?

ಸ್ಟುಡಿಯೋ: ಬೇಡ.

ಮಳೆಹನಿ: ಸರ್, ಅಪ್ಪ ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡಿರೋ ಹಳೇ ಪೋಲರಾಯ್ಡ್ ಫೋಟೋ ಒಂದೇ ಉಳಿದಿರೋದು. ಕಿಟಕಿ ಎದುರು ನೇತಾಕಿದ್ವಿ, ಅಪ್ಪನ ಮುಖ ಹಳದಿ ತಿರುಗಿದೆ, ಅಂಗಿ ಗೆರೆ ಕಾಣ್ತಿಲ್ಲ. ಒಂದು ರಾತ್ರಿ ಫ್ರೀಜರಲ್ಲಿಟ್ಟು, ಅಂಚು ಕತ್ತರಿಸಿ ಪದರ ಬಿಡಿಸಿದ್ರೆ ಬಣ್ಣ ವಾಪಸ್ ಬರುತ್ತೆ ಅಂತ ಫಾರ್ವರ್ಡ್ ಬಂದಿದೆ. ಮಾಡ್ಲಾ?

ಸ್ಟುಡಿಯೋ: ದಯವಿಟ್ಟು ಮಾಡ್ಬೇಡಿ, ಕತ್ತರಿ ಕೆಳಗಿಡಿ ಮೊದ್ಲು. ಯಾರ್ರೀ ಇಂಥದ್ದನ್ನ ಕಳ್ಸೋದು? ಕೆಳಗಿನ ಬಿಳಿ ಅಂಚು ಅಗಲ ಇದೆಯಲ್ಲ, ಅಲ್ಲಿ ಕೆಮಿಕಲ್ ಪೇಸ್ಟಿನ ಪೊಟ್ಟಣ ಇರುತ್ತೆ, ಕ್ಯಾಮೆರಾ ರೋಲರ್ ಅದನ್ನ ಹಿಂಡಿ ಪದರಗಳ ಮಧ್ಯೆ ಹರಡುತ್ತೆ, ಚಿತ್ರ ಮೂಡೋದೂ ಆ ಪದರಗಳ ಒಳಗೇನೇ, ಬಿಡಿಸೋಕೆ ಹೋದ್ರೆ ಅಪ್ಪನ ಮುಖಾನೇ ಕಿತ್ಕೊಂಡು ಬರಬಹುದು. ಮತ್ತೆ ಪ್ರಿಂಟ್ ಹಾಕ್ಸೋಕೆ ನೆಗೆಟಿವ್ ಇಲ್ಲ. ಬಿಸಿಲಿಗೆ ಹೋದ ಬಣ್ಣ ಹೋಯ್ತು, ಉಳಿದಿರೋದನ್ನ ಉಳಿಸ್ಕೊಳ್ಳೋಣ. ಇವತ್ತೇ ಗೋಡೆಯಿಂದ ಇಳ್ಸಿ. ಗಾಜಿಗೆ ಅಂಟಿದ್ರೆ ಎಳೀದೆ ಗಾಜಿನ ಸಮೇತ 1200 ಡಿಪಿಐಗೆ ಸ್ಕ್ಯಾನ್ ಮಾಡ್ಸಿ, ಬಣ್ಣ ಸ್ಕ್ಯಾನಲ್ಲಿ ಸುಮಾರಾಗಿ ಸರಿಮಾಡಬಹುದು. ಲ್ಯಾಮಿನೇಷನ್ ಬೇಡ. ಆದ್ಮೇಲೆ ಇಲ್ಲೇ ತಿಳ್ಸಿ, ನಂಗೂ ಸಮಾಧಾನ ಆಗುತ್ತೆ.

ರೀಲುರಾಜ: ಪೋಲರಾಯ್ಡ್ 2008ರಲ್ಲೇ ಫಿಲ್ಮ್ ನಿಲ್ಸಿತು. ಮುಗಿದ ಕಥೆ.

ಬೆಳಕಿನ ಹುಳ: ಪೂರ್ತಿ ಓದಿ ಸ್ವಾಮಿ. ನೆದರ್ಲೆಂಡ್ಸ್‌ನಲ್ಲಿದ್ದ ಪೋಲರಾಯ್ಡ್ ಫಿಲ್ಮಿನ ಕೊನೇ ಕಾರ್ಖಾನೇನ ಇಂಪಾಸಿಬಲ್ ಪ್ರಾಜೆಕ್ಟ್ ಅನ್ನೋ ಕಂಪನಿಯವ್ರು ಉಳಿಸ್ಕೊಂಡು 2010ರಲ್ಲಿ ಹೊಸ ಫಿಲ್ಮ್ ತಂದ್ರು, ಈಗ ಪೋಲರಾಯ್ಡ್ ಹೆಸರಲ್ಲೇ ಸಿಗುತ್ತೆ.

ರೀಲುರಾಜ: ಹಳೇ ಫಾರ್ಮುಲಾ ಅಲ್ಲ ಅದು. ಕಲರ್ ಮೂಡೋಕೆ ಕಾಲು ಗಂಟೆ, ಇದಕ್ಕೆ ಇನ್‌ಸ್ಟಂಟ್ ಅಂತ ಹೆಸರು ಬೇರೆ.

ಬೆಳಕಿನ ಹುಳ: ಒಂದ್ಸಲನಾದ್ರೂ ಕೈಯಲ್ಲಿ ಹಿಡ್ಕೊಂಡು ಕಾದಿದೀರಾ? ಸುಮ್ನೆ ಎಲ್ಲದಕ್ಕೂ ಕೊಂಕು.

ಹಳೇ ಪೆಟ್ಟಿಗೆ: ಡೇಟ್ ಮುಗಿದ ಪೋಲರಾಯ್ಡ್ 600 ಫಿಲ್ಮ್ ಪ್ಯಾಕ್ ಸಿಕ್ಕಿದೆ, ಬ್ಯಾಟರಿ ಪ್ಯಾಕಲ್ಲೇ ಇರುತ್ತಲ್ಲ, ಓಡುತ್ತಾ?

ಚುಕ್ಕಿ: ಸರ್, ಅಲ್ಲಾಡಿಸಿದ್ರೆ ಬೇಗ ಬರುತ್ತಂತೆ, ವಿಡಿಯೋನೂ ಇದೆ.

ಸ್ಟುಡಿಯೋ: ಮೇಲೆ ಹೇಳಿದೀನಿ, ಬೇಡ. ಹಿಂದೆ ಬಿಡಿಸಿ ತೆಗೆಯೋ ಪ್ರಿಂಟ್ ಹಸಿ ಇರ್ತಿತ್ತು, ಒಣಗ್ಲಿ ಅಂತ ಬೀಸ್ತಿದ್ರು. ಈಗಿಂದು ಮುಚ್ಚಿದ ಹಾಳೆ, ಬೀಸಿದ್ರೆ ಪದರ ಬಿಟ್ಕೊಳ್ಳಬಹುದು. ಬೆಳಕು ಬೀಳದ ಹಾಗೆ ಮಗುಚಿಡಿ. ವಿಡಿಯೋ ಕಳಿಸ್ಬೇಡಿ.

ಹಳೇ ಪೆಟ್ಟಿಗೆ: ನಂದೂ ನೋಡಿ ಸರ್.

ರೀಲುರಾಜ: ಅವ್ರಿಗೆ ಬೇಕಾದೋರಿಗಷ್ಟೇ ಉತ್ತರ ಕೊಡೋದು.

ಮಳೆಹನಿ: ಸರ್, ಸ್ಕ್ಯಾನ್ ಆಯ್ತು. ಜೂಮ್ ಮಾಡಿದ್ರೆ ಅಂಗಿ ಗೆರೆ ಕಾಣ್ತಿದೆ, ನೀಲಿ.

ಸ್ಟುಡಿಯೋ: ಸದ್ಯ! ಫೋಟೋ ಮತ್ತೆ ಗೋಡೆಗೆ ಹಾಕ್ಬೇಡಿ. ಕತ್ತಲಿರೋ, ತೇವ ಇಲ್ಲದಿರೋ ಡ್ರಾಯರಲ್ಲಿಡಿ.